ಗೌರಿಯ ಗೆರೆ

ಮೊನ್ನೆ ಬೀದರಿನ ಮನೆಯಲ್ಲಿ ಕೂಲರಿನ ಹುಲ್ಲು ಬದಲಾಯಿಸಿ ನೀರು ಬಿಟ್ಟೆ. ಒಣ ಹುಲ್ಲು ಮೊದಲ ಸಲ ನೆನೆದಾಗ ಒಂದು ವಾಸನೆ ಏಳುತ್ತದಲ್ಲ, ಅರ್ಧ ಮಣ್ಣಿನದು, ಅರ್ಧ ಹಸಿ ಕಟ್ಟಿಗೆಯದು, ಅದು ಮೂಗಿಗೆ ತಾಗಿದ್ದೇ ತಡ, ಪೈಪು ಕೈಯಲ್ಲಿ ಹಿಡಿದುಕೊಂಡೇ ನಾನು ನಾಗಪುರಕ್ಕೆ ಹೋಗಿಬಿಟ್ಟೆ. ತೊಟ್ಟಿ ತುಂಬಿ ನೀರು ಪಡಸಾಲೆಗೆಲ್ಲ ಹರಿದು, ನಮ್ಮನೆಯವರು "ಏನ ಮಾರಾಯ್ತಿ ಇದು, ಮನ್ಯಾಗ ಹೊಳಿ ಹರಿಸೀದಿ!" ಎಂದು ಕೂಗಿದ ಮೇಲೆಯೇ ವಾಪಸು ಬಂದದ್ದು.

ಅವರು ವಾಯುಪಡೆಯವರು. ಹಾಗಾಗಿ ಎರಡು ವರ್ಷ ಒಂದು ಊರು, ಮೂರು ವರ್ಷ ಇನ್ನೊಂದು. ನಾನು ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಮದುವೆಯಾದ ಮೇಲೆ ನನ್ನ ಸೋಲ್ಡರಿಂಗ್ ಐರನ್ ಟ್ರಂಕಿನ ತಳದಲ್ಲಿ ಚಳಿಗಾಲದ ರಜಾಯಿಗಳ ಕೆಳಗೆ ಮಲಗಿತ್ತು. ಪಕ್ಕದ ಕ್ವಾರ್ಟರ್ಸಿನ ಮಿಕ್ಸರ್ ಕೆಟ್ಟಾಗ ಮಾತ್ರ ಅದಕ್ಕೆ ಎಚ್ಚರ. ನಾಗಪುರಕ್ಕೆ ಬಂದ ವರ್ಷ ಅಲ್ಲಿಯ ಒಂದು ಕಾಲೇಜಿನ ಮನಶ್ಶಾಸ್ತ್ರ ವಿಭಾಗದವರಿಗೆ ಒಂದು ವರ್ಷದ ಮಟ್ಟಿಗೆ ತಾಂತ್ರಿಕ ಸಹಾಯಕರು ಬೇಕಾಗಿದ್ದರು. ಸಂದರ್ಶನದಲ್ಲಿ ಪ್ರೊಫೆಸರ್ ಮೇಡಂ ಹೆಚ್ಚೇನೂ ಕೇಳಲಿಲ್ಲ, ಒಂದು ತುಂಡಾದ ವಾಯರ್ ಕೊಟ್ಟು ಬೆಸೆಯಲು ಹೇಳಿದರು. ಹನ್ನೆರಡು ವರ್ಷ ರೊಟ್ಟಿ ಬಡಿದ ಕೈ, ನಡುಗಲಿಲ್ಲ. ಕೆಲಸ ಸಿಕ್ಕಿತು.

ಪ್ರಯೋಗ ಸರಳವಾಗಿತ್ತು. ಒಂದು ಕೋಣೆ, ನಡುವೆ ದಪ್ಪ ಪರದೆ. ಈಚೆ ತಾಯಿ, ಆಚೆ ಮಗು. ಇಬ್ಬರ ಕೈಯಲ್ಲೂ ಸೈಕಲ್ಲಿನದರಂಥ ಒಂದೊಂದು ರಬ್ಬರ್ ಹಿಡಿಕೆ. ಹಿಡಿಕೆ ತಾಳಕ್ಕೆ ಸರಿಯಾಗಿ ಮೆಲ್ಲಗೆ ನಡುಗುತ್ತದೆ, ಹಿಡಿದವರು ಆ ತಾಳಕ್ಕೆ ಅದನ್ನು ಒತ್ತಬೇಕು. ಆಮೇಲೆ ನಡುಕ ನಿಂತುಹೋಗುತ್ತದೆ. ಆಗಲೂ ತಾಯಿ ಮಗು ಒಬ್ಬರನ್ನೊಬ್ಬರು ನೋಡದೆ ತಾಳ ಉಳಿಸಿಕೊಳ್ಳುತ್ತಾರೆಯೇ ಎಂಬುದು ಮೇಡಂ ಅವರ ಪ್ರಶ್ನೆ.

ನನ್ನ ಪಾಲಿಗೆ ಬಂದದ್ದು ನಡುವಿನ ಡಬ್ಬಿ. ಅಂಗೈ ಅಗಲದ ಬಿಳಿ ಡಬ್ಬಿ, ಎರಡೂ ಬದಿಗೆ ಸಾಲು ಸ್ಕ್ರೂ. ಒಂದು ಬದಿ ಅನಲಾಗ್ ಇನ್‌ಪುಟ್: ಹಿಡಿಕೆ ಎಷ್ಟು ಬಿಗಿಯಾಗಿ ಒತ್ತಿದರೆ ಅಷ್ಟು ವೋಲ್ಟೇಜ್ ಅದರೊಳಗೆ ಹೋಗಿ ಕಂಪ್ಯೂಟರಿನ ಮೇಲೆ ಗೆರೆಯಾಗಿ ಏರಿಳಿಯುತ್ತದೆ. ಇನ್ನೊಂದು ಬದಿ ಔಟ್‌ಪುಟ್: ಕಂಪ್ಯೂಟರ್ ಹೇಳಿದಷ್ಟು ವೋಲ್ಟೇಜ್ ಹೊರಬಂದು ಹಿಡಿಕೆಯೊಳಗಿನ ಪುಟ್ಟ ಮೋಟರನ್ನು ನಡುಗಿಸುತ್ತದೆ. ಯಾವ ಸ್ಕ್ರೂಗೆ ಯಾವ ವಾಯರ್, ಪ್ರೋಗ್ರಾಮಿನಲ್ಲಿ ಅದಕ್ಕೆ ಯಾವ ನಂಬರು, ಎಷ್ಟು ವೋಲ್ಟಿನವರೆಗೆ ಅಳೆಯಬೇಕು, ಸೆಕೆಂಡಿಗೆ ಎಷ್ಟು ಸಲ ಓದಬೇಕು, ಎಲ್ಲ ನನ್ನ ಜವಾಬ್ದಾರಿ.

ಏಪ್ರಿಲ್ ಪೂರ್ತಿ ನಾನು ಮತ್ತು ಕೂಲರ್ ಜಗಳವಾಡಿದೆವು. ಕೂಲರ್ ಹಾಕಿದರೆ ಗೆರೆಗಳೆಲ್ಲ ಚಳಿಜ್ವರ ಬಂದವರ ಹಾಗೆ ಗಡಗಡ. ಆರಿಸಿದರೆ ಗೆರೆ ನೆಟ್ಟಗೆ, ಕುಳಿತ ತಾಯಂದಿರು ಸುಸ್ತು. ನಾಗಪುರದ ಬಿಸಿಲು ಅನುಭವಿಸಿದವರಿಗೆ ಗೊತ್ತು, ಮಧ್ಯಾಹ್ನ ಬೀದಿ ನಾಯಿಯೂ ನೆರಳು ಬಿಟ್ಟು ಬರುವುದಿಲ್ಲ. ಕೊನೆಗೆ ಹಿಡಿಕೆಗಳ ವಾಯರಿಗೆ ಲೋಹದ ಜಾಳಿಗೆಯ ಹೊದಿಕೆ ಹಾಕಿ, ಕೂಲರಿನ ಪ್ಲಗ್ಗನ್ನು ಬೇರೆ ಬೋರ್ಡಿಗೆ ಸರಿಸಿ, ಸೊನ್ನೆ ವೋಲ್ಟಿನ ಗ್ರೌಂಡ್ ವಾಯರುಗಳನ್ನೆಲ್ಲ ಒಂದೇ ಕಡೆ ಕಟ್ಟಿದ ಮೇಲೆ ಗೆರೆ ಶಾಂತವಾಯಿತು. ಮೇಡಂ ಬಂದು ನೋಡಿ "ಬರೋಬರ್" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ನನ್ನ ತಲೆ ಅಂದಿನಿಂದ ಸ್ವಲ್ಪ ಮೇಲೇ ಇರುತ್ತಿತ್ತು ಅನ್ನಿ.

ಅವರದು ಒಂದೇ ಕಟ್ಟುನಿಟ್ಟು. ಪ್ರಯೋಗಕ್ಕೆ ಬಂದವರಿಗೆ ಸ್ಕ್ರೀನ್ ತೋರಿಸಕೂಡದು. ಯಾರು ಎಷ್ಟೇ ಕೇಳಲಿ.

ಮೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಡಬ್ಬಿಯ ಒಂದನೇ ನಂಬರಿನ ಸ್ಕ್ರೂ ಕೈಕೊಟ್ಟಿತು. ತಿರುಗಿಸಿದಷ್ಟೂ ಸುಮ್ಮನೆ ತಿರುಗುತ್ತದೆ, ಬಿಗಿಯಾಗುವುದಿಲ್ಲ. ತಾಯಿಯ ಹಿಡಿಕೆ ಸೊನ್ನೆ ನಂಬರಿನಲ್ಲಿ, ಮಗುವಿನದು ಒಂದರಲ್ಲಿ ಇರುತ್ತಿತ್ತು. ನಾನು ಮಗುವಿನ ವಾಯರ್ ಬಿಚ್ಚಿ ಎರಡನೆಯದಕ್ಕೆ ಕಟ್ಟಿದೆ. ಇನ್ನು ಪ್ರೋಗ್ರಾಮಿನಲ್ಲಿ ಒಂದು ಇದ್ದದ್ದನ್ನು ಎರಡು ಮಾಡಬೇಕು, ಆಮೇಲೆ ಹಿಡಿಕೆಗಳನ್ನು ಒಂದೊಂದಾಗಿ ಒತ್ತಿ ಗೆರೆ ನೋಡಬೇಕು. ಎರಡು ನಿಮಿಷದ ಕೆಲಸ. ಅಷ್ಟರಲ್ಲಿ ವರಾಂಡದಿಂದ ಕೇಳಿಸಿತು:

"ಗೌರೀ, ಅಲ್ಲೇ ನಿಂದ್ರ! ಬಿಸಲಾಗ ಹೋಗಬ್ಯಾಡ!"

ಕನ್ನಡ! ಅದೂ ನಮ್ಮ ಕಡೆಯ ಕನ್ನಡ! ಸ್ಕ್ರೂಡ್ರೈವರ್ ಅಲ್ಲೇ ಬಿಟ್ಟು ಹೊರಗೆ ಓಡಿದೆ.

ರೇಣುಕಾ ಎಂದು ಅವಳ ಹೆಸರು, ಅಂದಿನ ಪ್ರಯೋಗಕ್ಕೆ ಮಗಳೊಂದಿಗೆ ಬಂದವಳು. ರಾಮದುರ್ಗದ ಹತ್ತಿರದವಳು. ಗಂಡ ಹವಾಲ್ದಾರ, ಗಡಿಯಲ್ಲಿದ್ದಾನೆ. ಇವಳು ಮಗಳ ಜೊತೆ ನಾಗಪುರದ ಪಕ್ಕದ ಕಾಮಠಿಯ ಸೇನಾ ಕ್ವಾರ್ಟರ್ಸಿನಲ್ಲಿ. "ನಂದು ಹುಬ್ಬಳ್ಳಿ" ಎಂದೆನೋ ಇಲ್ಲವೋ, ನನ್ನ ಎರಡೂ ಕೈ ಹಿಡಿದುಕೊಂಡಳು.

"ಅಯ್ಯ ಅಕ್ಕಾರ, ಎದುರಿಗೆ ಕುಂತು ಕನ್ನಡ ಮಾತಾಡಿ ಎರಡ ತಿಂಗಳಾತ್ರಿ. ಫೋನ್ಯಾಗ ಮಾತಾಡೂದು ಒಂದು ಮಾತೇನ್ರಿ?"

ಗೌರಿಗೆ ಆರು ವರ್ಷ. ಹಳದಿ ಫ್ರಾಕು, ಎರಡು ಜಡೆ. ಮಾತು ಬಂದಿರಲಿಲ್ಲ. ಕಿವಿ ಕೇಳುತ್ತಿದ್ದರೂ ಕರೆದರೆ ತಿರುಗುತ್ತಿರಲಿಲ್ಲ. ಒಳಗೆ ಬಂದವಳೇ ನೇರ ಕೂಲರಿನ ಹತ್ತಿರ ಹೋಗಿ, ಅದರ ನಡುಗುವ ತಗಡಿನ ಮೇಲೆ ಅಂಗೈ ಇಟ್ಟು, ಕೆನ್ನೆ ಆನಿಸಿ ನಿಂತುಬಿಟ್ಟಳು.

"ಆಕಿಗೆ ನಡುಗೂದು ಅಂದ್ರ ಭಾಳ ಸೇರತೈತ್ರಿ. ಫ್ರಿಜ್ ಇರಲಿ, ಬಸ್ಸಿನ ಕಿಡಕಿ ಇರಲಿ, ಕೈ ಇಟ್ಟು ಹಿಂಗ ನಿಂತಬಿಡತಾಳ. ನಾ ಕರದ್ರ ಮಾತ್ರ ಇಲ್ಲ." ನಗುತ್ತಲೇ ಹೇಳಿದಳು. ಆ ನಗು ರೂಢಿಯಾದ ನಗು, ನನಗೆ ತಿಳಿಯಿತು.

ಅಂದು ಮೇಡಂ ಪರೀಕ್ಷೆಯ ಕೆಲಸಕ್ಕೆ ಬೇರೆ ಕಾಲೇಜಿಗೆ ಹೋಗಿದ್ದರು. ನಾನೇ ಇಬ್ಬರನ್ನೂ ಕೂರಿಸಿದೆ. ನಾನಿದ್ದ ಕಡೆಯಿಂದ ಗೌರಿಯ ಜಡೆ, ಹೆಗಲು ಮಾತ್ರ ಕಾಣುತ್ತಿದ್ದವು. ತಾಳ ಶುರುವಾಯಿತು. ರೇಣುಕಾ ಜೋಳ ಬೀಸಿದವಳ ಹಾಗೆ ಒಂದೇ ಸಮನೆ ಒತ್ತಿದಳು. ಅವಳ ನೀಲಿ ಗೆರೆ ಗುಡ್ಡ ಗುಡ್ಡವಾಗಿ ಎದ್ದಿತು. ಅದರ ಕೆಳಗೆ ಗೌರಿಯ ಕೆಂಪು ಗೆರೆ, ಸ್ವಲ್ಪ ಸಣ್ಣದಾಗಿ, ಅದೇ ಗುಡ್ಡಗಳು. ತಾಳ ನಿಂತಿತು. ರೇಣುಕಾ ಒತ್ತುತ್ತಲೇ ಇದ್ದಳು. ಕೆಂಪು ಗೆರೆಯೂ ಬಿಡಲಿಲ್ಲ. ಅವಳು ತಡವರಿಸಿದಾಗ ತಡವರಿಸಿತು, ಜೋರು ಮಾಡಿದಾಗ ಜೋರಾಯಿತು. ಅಲ್ಲಿಯವರೆಗೆ ಬಂದ ಯಾವ ತಾಯಿ ಮಗುವೂ ಅಷ್ಟು ಚೆನ್ನಾಗಿ ಕೂಡಿ ಹೋಗಿರಲಿಲ್ಲ.

ಅನುಮಾನ ಬರಬೇಕಿತ್ತು. ಬರಲಿಲ್ಲ. ನಮ್ಮೂರ ಹೆಣ್ಣುಮಗಳು, ಮಾತಿಲ್ಲದ ಮಗು, ಕಣ್ಣೆದುರು ಇಂಥ ಗೆರೆ. ನಾಲಿಗೆ ತಡೆಯಲಿಲ್ಲ.

"ರೇಣುಕಾ, ಒಂಚೂರು ಇತ್ತ ಬಾರವಾ. ಈ ನೀಲಿ ನಿಂದು. ಈ ಕೆಂಪು ನಿನ್ನ ಮಗಳದು ನೋಡು."

ಅವಳು ಬಗ್ಗಿ ನೋಡಿದಳು. "ಆಕಿ ನನ್ನ ನೋಡಿಲ್ಲಲ್ರಿ. ಪರದೆ ಐತಿ."

"ನೋಡಿಲ್ಲ."

"ಆದ್ರೂ ನಾ ಒತ್ತಿದಾಗ ಆಕೀನೂ ಒತ್ಯಾಳ?"

ಬೆರಳಿಂದ ಆ ಕೆಂಪು ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದಳು. "ಅಂದ್ರ ಅವ್ವ ಇಲ್ಲಿದ್ದಾಳ ಅನ್ನೂದು ಆಕಿಗೆ ತಿಳಿತೈತಿ," ಎಂದವಳೇ ಸೆರಗು ಬಾಯಿಗೆ ಇಟ್ಟುಕೊಂಡು ಬಿಕ್ಕಿದಳು. ನಾನೂ ಅತ್ತೆ. ಗಂಡನಿಗೆ ಕಳಿಸಲು ಫೋನಿನಲ್ಲಿ ಸ್ಕ್ರೀನಿನ ಫೋಟೋ ತೆಗೆದುಕೊಂಡಳು. ಬೇಡ ಎನ್ನಲಿಲ್ಲ ನಾನು.

ಬುಧವಾರ ಅವಳ ಫೋನು. ದನಿಯಲ್ಲಿ ಹಬ್ಬ. ಗೌರಿಯಂಥ ಮಕ್ಕಳಿಗೆಂದೇ ಇರುವ ಶಾಲೆಯಲ್ಲಿ ಒಂದು ವರ್ಷ ಅಲೆದು ಅವಳಿಗೆ ಒಂದು ಸೀಟು ಸಿಕ್ಕಿತ್ತು. ಶನಿವಾರ ಫಾರ್ಮ್ ಕೊಡಲು ಕಡೆಯ ದಿನ. "ಬ್ಯಾಡ ಅಂದಬಿಟ್ಟೀನ್ರಿ ಅಕ್ಕಾರ. ಆಕಿಗೆ ಎಲ್ಲಾ ತಿಳಿತೈತಿ ಅಂತ ನಿಮ್ಮ ಮಷಿನ್ನಽ ತೋರಸೈತಲ್ರಿ. ಕ್ವಾರ್ಟರ್ಸಿನ ಬಾಜೂಕ ಸಾದಾ ಶಾಲಿ ಐತಿ, ಅಲ್ಲೇ ಹಾಕತೀನಿ. ಅವರೂ ಹೂಂ ಅಂದಾರ." ನನಗೆ ಎಲ್ಲೋ ಚುರ್ ಎಂದಿತು. ಆದರೂ "ಚಲೋ ಆತು" ಎಂದೆ.

ರೇಣುಕಾಳ ನಂತರ ಪ್ರಯೋಗಕ್ಕೆ ಬೇರೆ ಯಾರೂ ಬಂದಿರಲಿಲ್ಲ. ಗುರುವಾರ ಒಬ್ಬಳೇ ಕೂತು ಹಿಡಿಕೆ ಒರೆಸುತ್ತಿದ್ದೆ. ಪ್ರೋಗ್ರಾಮ್ ಓಡುತ್ತಿತ್ತು. ತಾಯಿಯ ಹಿಡಿಕೆಯನ್ನು ಬಟ್ಟೆಯಲ್ಲಿ ಸುತ್ತಿ ಹಿಂಡಿದೆ. ನೀಲಿ ಗೆರೆ ಎದ್ದಿತು. ಕೆಂಪು ಗೆರೆಯೂ ಎದ್ದಿತು.

ಮಗುವಿನ ಹಿಡಿಕೆ ಪರದೆಯಾಚೆ ಮೊಳೆಗೆ ನೇತಾಡುತ್ತಿತ್ತು. ಅದನ್ನು ಮುಟ್ಟಿದವರು ಯಾರೂ ಇಲ್ಲ.

ಇನ್ನೊಮ್ಮೆ ಹಿಂಡಿದೆ. ಎರಡೂ ಎದ್ದವು. ಪರದೆಯಾಚೆ ಹೋಗಿ ಮಗುವಿನ ಹಿಡಿಕೆಯನ್ನು ಬಲವಾಗಿ ಒತ್ತಿ, ಕತ್ತು ಚಾಚಿ ನೋಡಿದೆ. ಕೆಂಪು ಗೆರೆ ಅಲ್ಲಾಡಲಿಲ್ಲ. ಶಿವನೇ, ಎಂದು ಡಬ್ಬಿಯನ್ನು ಹತ್ತಿರ ಎಳೆದುಕೊಂಡು ನೋಡಿದೆ. ವಾಯರ್ ಎರಡರಲ್ಲಿತ್ತು, ಪ್ರೋಗ್ರಾಮ್ ಇನ್ನೂ ಒಂದನ್ನೇ ಓದುತ್ತಿತ್ತು. ಆ ಒಂದಕ್ಕೆ ಏನೂ ಕಟ್ಟಿರಲಿಲ್ಲ.

ಖಾಲಿ ಸ್ಕ್ರೂ ಸೊನ್ನೆ ತೋರಿಸಬೇಕಲ್ಲ ಎನ್ನಿಸಬಹುದು. ತೋರಿಸುವುದಿಲ್ಲ. ಆ ಡಬ್ಬಿ ಎಲ್ಲ ವಾಯರುಗಳನ್ನೂ ಒಂದೇ ಸೌಟಿನಲ್ಲಿ ಸರದಿಯಂತೆ ರುಚಿ ನೋಡುತ್ತದೆ. ಸಾರಿನಲ್ಲಿ ಅದ್ದಿದ ಸೌಟನ್ನು ಹಾಗೇ ಖಾಲಿ ಪಾತ್ರೆಗೆ ಇಳಿಸಿದರೆ ಅಲ್ಲೂ ಸಾರಿನದೇ ರುಚಿ. ತಾಯಿಯ ವೋಲ್ಟೇಜಿನ ಉಳಿಕೆಯೇ ಪಕ್ಕದ ಖಾಲಿ ಜಾಗದಲ್ಲಿ ಕೆಂಪು ಗೆರೆಯಾಗಿ ಕಂಡಿತ್ತು. ಅದಕ್ಕೇ ಖಾಲಿ ಸ್ಕ್ರೂಗಳನ್ನೆಲ್ಲ, ಉಳಿಕೆ ಹರಿದುಹೋಗಿ ಸೊನ್ನೆ ತೋರುವಂತೆ, ಗ್ರೌಂಡಿಗೆ ಕಟ್ಟಿಡಬೇಕು. ಡಿಪ್ಲೊಮಾದಲ್ಲೇ ಕಲಿತ ಪಾಠ ಇದು.

ಸುಳ್ಳು ಹೇಳುವುದಿಲ್ಲ. ಸುಮ್ಮನೆ ನಂಬರು ತಿದ್ದಿ ಬಾಯಿ ಮುಚ್ಚಿಕೊಂಡರೆ ಯಾರಿಗೆ ಗೊತ್ತಾಗುತ್ತದೆ ಎಂದು ಅರ್ಧ ಗಂಟೆ ಯೋಚಿಸಿದೆ. ಅಳತೆ ಸರಿಯಿಲ್ಲ ಎಂದು ಆ ದಿನದ ಫೈಲ್ ಒಂದನ್ನು ತೆಗೆದುಹಾಕಿದರೆ ಮೇಡಂಗೂ ತಿಳಿಯುತ್ತಿರಲಿಲ್ಲ. ಆದರೆ ಶನಿವಾರ ಫಾರ್ಮ್ ಹೋಗದಿದ್ದರೆ ಗೌರಿಯ ಸೀಟು ಹೋಗುತ್ತದೆ, ಅದೂ ನನ್ನ ಒಂದು ಖಾಲಿ ಸ್ಕ್ರೂವಿನ ಮೇಲೆ. ಎದ್ದು ಮೇಡಂ ಕೋಣೆಗೆ ಹೋದೆ.

ಅವರು ಕನ್ನಡಕ ತೆಗೆದು ಎಲ್ಲ ಕೇಳಿಸಿಕೊಂಡರು. ಆಮೇಲೆ ಮರಾಠಿಯಲ್ಲಿ ನಿಧಾನವಾಗಿ ಹೇಳಿದರು, ಸ್ಕ್ರೂ ತಪ್ಪಿದ್ದಕ್ಕೆ ನಾನು ಬೈಯುವುದಿಲ್ಲ, ಅದು ಯಾರಿಗೂ ಆಗುತ್ತದೆ. ಸ್ಕ್ರೀನ್ ತೋರಿಸಿದ್ದಕ್ಕೆ ಬೈಯುತ್ತೇನೆ. ಬೈದರು ಕೂಡ, ಚೆನ್ನಾಗಿಯೇ. ಕೊನೆಗೆ "ತೋರಿಸಿದವರು ನೀವು, ಹೇಳಬೇಕಾದವರೂ ನೀವೇ. ಉದ್ಯಾಚ್ ಜಾ" ಎಂದರು. ನಾಳೆಯೇ ಹೋಗಿ.

ಮರುದಿನ ಬೆಳಿಗ್ಗೆ ಮುಖಕ್ಕೆ ದುಪಟ್ಟಾ ಸುತ್ತಿ, ಬಿಸಿಲು ಬಡಿಯದಿರಲೆಂದು ಪಕ್ಕದ ಮನೆಯಾಕೆ ಕೊಟ್ಟ ಈರುಳ್ಳಿಯನ್ನು ಪರ್ಸಿನಲ್ಲಿಟ್ಟುಕೊಂಡು ಕಾಮಠಿಯ ಬಸ್ಸು ಹತ್ತಿದೆ. ದಾರಿಯುದ್ದ ಮಾತು ಜೋಡಿಸಿದೆ. ಬಾಗಿಲು ತೆರೆದ ರೇಣುಕಾಳ ಮುಖ ನೋಡಿದ್ದೇ ಜೋಡಿಸಿದ್ದೆಲ್ಲ ಚೆಲ್ಲಿಹೋಯಿತು.

"ಅಕ್ಕಾರ! ಬರ್ರಿ ಬರ್ರಿ. ಇಂಥಾ ಬಿಸಲಾಗ!" ಮಾವಿನಕಾಯಿ ಪಾನಕ ತಂದು ಕೈಗೆ ಕೊಟ್ಟಳು. ಗೌರಿ ಫ್ರಿಜ್ಜಿಗೆ ಬೆನ್ನು ಆನಿಸಿ ಕೂತಿದ್ದಳು. ಪಾನಕದ ಲೋಟ ಹಾಗೇ ಕೆಳಗಿಟ್ಟು ಹೇಳಿದೆ. ಸ್ಕ್ರೂ, ನಂಬರು, ಸೌಟು, ಎಲ್ಲ.

"ಹಂಗಾದ್ರ ಆ ಕೆಂಪು ಗೆರಿ?"

"ಅದೂ ನಿಂದಽ ರೇಣುಕಾ. ಗೌರಿದು ಅಲ್ಲಿ ಇರಲೇ ಇಲ್ಲ."

ಅವಳು ಮಗಳ ಕಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, ದನಿ ಏರಿಸದೆ. "ನೀವ್ಯಾಕ ತೋರಿಸಿದ್ರಿ ಅಕ್ಕಾರ? ನಾ ಕೇಳಿದ್ನೇನ್ರಿ?"

"ಇಲ್ಲ. ನೀ ಕೇಳಿರಲಿಲ್ಲ."

"ಅವರು ಆ ಫೋಟೋ ಡ್ಯೂಟಿ ಮ್ಯಾಲೆ ಎಲ್ಲಾರಿಗೂ ತೋರಸ್ಯಾರ್ರಿ. ನನ್ನ ಮಗಳು ಅಂತ."

ತಪ್ಪಾಯಿತು ಎಂದೆ. ಎರಡು ಸಲ ಎಂದೆ. "ಫಾರ್ಮ್ ನಾಳೆ ಕಡೇ ದಿನ. ಅದೊಂದು ಬಿಡಬ್ಯಾಡ."

"ಕೊಡತೀನ್ರಿ. ನೀವಿನ್ನ ಹೋಗ್ರಿ."

ನಮ್ಮ ಕಡೆ ಮನೆಗೆ ಬಂದ ಹೆಂಗಸನ್ನು ಹಗೆಯವಳಾದರೂ ಕುಂಕುಮ ಹಚ್ಚಿ ಕಳಿಸುತ್ತಾರೆ. ರೇಣುಕಾ ಏಳಲಿಲ್ಲ. ಬೋಳು ಹಣೆಯಲ್ಲಿ ಬಸ್ಸಿನಲ್ಲಿ ಕೂತು ಬಂದೆ. ಸಂಜೆ ನಮ್ಮನೆಯವರು ಸಮಾಧಾನ ಹೇಳಲು ಬಂದರು, ಅವರ ಮೇಲೆಯೇ ಹರಿಹಾಯ್ದೆ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು.

ಆಮೇಲಿನ ದಿನಗಳಲ್ಲಿ ಡಬ್ಬಿಯ ಒಂದೊಂದು ಖಾಲಿ ಸ್ಕ್ರೂವನ್ನೂ ತುಂಡು ವಾಯರಿನಿಂದ ಗ್ರೌಂಡಿಗೆ ಕಟ್ಟಿದೆ. ಯಾವುದು ಯಾವ ನಂಬರು ಎಂದು ಬರೆದು ಅಂಟಿಸಿದೆ. ಪ್ರತಿ ತಾಯಿ ಬರುವ ಮುಂಚೆ ಎರಡೂ ಹಿಡಿಕೆ ಒಂದೊಂದಾಗಿ ಒತ್ತಿ ನೋಡಿದೆ. ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಮಾತ್ರ ಫ್ರಿಜ್ಜಿಗೆ ಆನಿಸಿದ ಆ ಪುಟ್ಟ ಬೆನ್ನಿನ ಹತ್ತಿರವೇ. ಆಗಲೇ ಒಂದು ಯೋಚನೆ ಹೊಳೆಯಿತು. ಮೇಡಂಗೆ ಹೇಳಿದೆ. "ಮೊದಲು ಅವರು ಬರಲಿ, ಪ್ರಯೋಗ ಮುಗಿಯಲಿ, ಆಮೇಲೆ ನೋಡೋಣ" ಎಂದರು.

ಜೂನ್ ಬಂತು, ಮಳೆ ಬರಲಿಲ್ಲ. ಮೇಡಂ ಫೋನ್ ಮಾಡಿ ಕರೆದಿದ್ದರು ಅಂತ ಕಾಣುತ್ತದೆ, ಒಂದು ಬೆಳಿಗ್ಗೆ ರೇಣುಕಾ ಬಾಗಿಲಲ್ಲಿ ನಿಂತಿದ್ದಳು, ಗೌರಿಯ ಕೈ ಹಿಡಿದು. ನಾನು ಎದ್ದು ನಿಂತೆ, ಶಾಲೆಯ ಹುಡುಗಿಯ ಹಾಗೆ.

"ಫಾರ್ಮ್ ಕೊಟ್ಟೀನ್ರಿ. ತಿಂಗಳ ಕಡೇಕ ಶಾಲಿ ಚಾಲೂ," ಎಂದಳು. ಆಮೇಲೆ, "ಮೊದ್ಲ ಆ ಸ್ಕ್ರೂ ತೋರಸ್ರಿ."

ತೋರಿಸಿದೆ. ಇದು ನಿಂದು, ಇದು ಗೌರಿದು, ಇವೆಲ್ಲ ಖಾಲಿ, ಕಟ್ಟಿಹಾಕಿದ್ದೇನೆ. ಅವಳು ಗೌರಿಯ ವಾಯರನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿ ನೋಡಿದಳು. ಬರಲಿಲ್ಲ. "ಹೂಂ" ಎಂದು ಹೋಗಿ ಕುರ್ಚಿಯಲ್ಲಿ ಕೂತಳು.

ಈ ಸಲ ಗೌರಿಯ ಪಕ್ಕ ಮೇಡಂ ಕೂತರು. ತಾಳ ಹೊಡೆಯಿತು, ರೇಣುಕಾ ಒತ್ತಿದಳು, ನೀಲಿ ಗುಡ್ಡಗಳು ಎದ್ದವು. ಕೆಂಪು ಗೆರೆ ಚಪ್ಪಟೆ. ಗೌರಿ ನಡುಗುವ ಹಿಡಿಕೆಯನ್ನು ಕೆನ್ನೆಗೆ ಒತ್ತಿಕೊಂಡು ಕೂತಿದ್ದಳಂತೆ. ತಾಳ ನಿಂತಿತು. ಎಷ್ಟೋ ಹೊತ್ತಾದ ಮೇಲೆ ಕೆಂಪು ಗೆರೆಯ ಮೇಲೆ ಸಾಸಿವೆಯಷ್ಟು ಸಣ್ಣ ಮೂರು ನಾಲ್ಕು ಉಬ್ಬು ಬಂದವು. ಮತ್ತೆ ಚಪ್ಪಟೆ. ಮತ್ತೆ ಎರಡು ಉಬ್ಬು. ತಾಳವಿಲ್ಲ, ತಾಯಿಯ ಲೆಕ್ಕವಿಲ್ಲ. ಆದರೆ ಪೂರ್ತಿ ಅವಳದೇ.

ಪ್ರಯೋಗ ಮುಗಿಯಿತು. ಮೇಡಂ ಪರದೆಯಾಚೆಯಿಂದ ನನಗೆ ಕಣ್ಣಲ್ಲೇ ಹೂಂ ಎಂದರು.

ನಾನು ಮಾಡಿದ್ದು ಇಷ್ಟೇ. ಔಟ್‌ಪುಟ್ ಕಡೆಯಿಂದ ತಾಳ ತೆಗೆದುಹಾಕಿ, ಆ ಜಾಗಕ್ಕೆ ಗೌರಿಯ ಇನ್‌ಪುಟ್ ಕೊಟ್ಟೆ. ಗೌರಿ ಎಷ್ಟು ಒತ್ತುತ್ತಾಳೋ ಅಷ್ಟೇ ಅವ್ವನ ಹಿಡಿಕೆ ನಡುಗಬೇಕು. ಅವಳು ಬಿಟ್ಟರೆ ನಿಲ್ಲಬೇಕು. ಗೆರೆಗಳಿದ್ದ ಸ್ಕ್ರೀನನ್ನು ಆರಿಸಿದೆ. ಆ ವರ್ಷಕ್ಕೆ ತೋರಿಸಿದ್ದು ಸಾಕಾಗಿತ್ತು.

"ರೇಣುಕಾ, ಇದನ್ನ ಹಿಡಕೋ. ಒತ್ತಬ್ಯಾಡ. ಸುಮ್ನ ಹಿಡಕೊಂಡು ಕುಂದ್ರು."

ಕೂತಳು. ಕೂಲರಿನ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಕೋಣೆಯಲ್ಲಿ ಏನೂ ಇಲ್ಲ. ಒಂದು ನಿಮಿಷವಾಯಿತು. ಎರಡಾಯಿತು. ಆರು ವರ್ಷ ಕರೆದು ಕರೆದು ಸೋತವಳಿಗೆ ಕಾಯುವುದು ಬರುತ್ತಿತ್ತು. ನನಗೆ ಬರುತ್ತಿರಲಿಲ್ಲ, ಸೀರೆಯ ಅಂಚು ಹಿಂಡುತ್ತ ನಿಂತಿದ್ದೆ. ಎಲ್ಲಿ ಇನ್ನೊಮ್ಮೆ ಅವಳ ಹೊಟ್ಟೆ ಉರಿಸುತ್ತೇನೋ ಎಂಬ ಭಯ.

ಹಿಡಿಕೆ ನಡುಗಿ ಅವಳ ಕೈ ಬೆಚ್ಚಿತು.

ಮತ್ತೊಮ್ಮೆ. ಆಮೇಲೆ ಸಾಲಾಗಿ ಮೂರು ಸಲ. ರೇಣುಕಾ ನನ್ನನ್ನು ನೋಡಿದಳು. ಆದರೆ ಒಮ್ಮೆ ಮೋಸಹೋದವಳು, ಅಷ್ಟು ಬೇಗ ನಂಬಲಿಲ್ಲ.

"ಆಕಿ ವಾಯರ್ ಬಿಚ್ಚ್ರಿ."

ಬಿಚ್ಚಿ ಆ ಸ್ಕ್ರೂವನ್ನು ಗ್ರೌಂಡಿಗೆ ಕಟ್ಟಿದೆ. ಹಿಡಿಕೆ ಸತ್ತಂತೆ ಸುಮ್ಮನಾಯಿತು. ಗೌರಿ ಒತ್ತುತ್ತಲೇ ಇದ್ದಾಳೆ ಎಂದು ಮೇಡಂ ಆಚೆಯಿಂದ ಬೆರಳಲ್ಲಿ ತೋರಿಸಿದರು. ರೇಣುಕಾ ಕಣ್ಣು ಮುಚ್ಚಿ ತನ್ನ ಕೈಯನ್ನೇ ಆಲಿಸಿದಳು. ಏನೂ ಇಲ್ಲ.

"ಈಗ ಹಚ್ಚ್ರಿ."

ಹಚ್ಚಿದೆ. ಸ್ಕ್ರೂ ಬಿಗಿಯಾಗುವ ಮುಂಚೆಯೇ ನಡುಕ ಬಂತು, ಮೆಲ್ಲಗೆ, ಬಿಟ್ಟು ಬಿಟ್ಟು, ಯಾವ ತಾಳಕ್ಕೂ ಸಿಗದ ಹಾಗೆ. ಗೌರಿ ಅವ್ವನಿಗೆಂದೇ ಒತ್ತಿದಳು ಎಂದು ನಾನು ಹೇಳಲಾರೆ. ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಹೇಳಿ ಒಮ್ಮೆ ಅನುಭವಿಸಿದ್ದೇನೆ. ರೇಣುಕಾಳೂ ಅದನ್ನು ಕೇಳಲಿಲ್ಲ. ಕಣ್ಣು ಮುಚ್ಚಿಕೊಂಡೇ ಬೇರೆ ಕೇಳಿದಳು.

"ಅಕ್ಕಾರ, ನನ್ನ ಕೈ ಸುಮ್ನ ಐತಿ, ಹೌದಲ್ರಿ? ನಾ ಒತ್ತಾಕತ್ತಿಲ್ಲಲ್ಲ?"

"ಇಲ್ಲವಾ. ಸುಮ್ನ ಐತಿ."

ಅವಳು ಹಿಡಿಕೆಯನ್ನು ಎತ್ತಿ, ಗೌರಿ ಕೂಲರಿಗೆ ಆನಿಸುತ್ತಿದ್ದಳಲ್ಲ, ಹಾಗೆಯೇ ಕೆನ್ನೆಗೆ ಆನಿಸಿಕೊಂಡಳು.

"ಹಂಗಾದ್ರ ಇದು ಆಕೀದಽ."